ಜಾಲತಾಣದಲ್ಲಿ ದತ್ತಾಂಶದ ಹರಿವು: ಯಾವ ಕೆಲಸಕ್ಕೆ ಯಾವ ವಿಧಾನ?

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಬಂಧುಗಳನ್ನು ಕರೆತರಲು ಹೊಸಕೋಟೆಯಿಂದ ಹೊರಡುವವರು ಮನೆ ಬಾಗಿಲು ದಾಟುವ ಮುನ್ನ ಮೊಬೈಲಿನಲ್ಲಿ ವಿಮಾನದ ಆಗಮನದ ವೇಳೆಯನ್ನೊಮ್ಮೆ ನೋಡುತ್ತಾರೆ. ದೊಡ್ಡಬಳ್ಳಾಪುರದ ರಾಗಿ ಬೆಳೆಗಾರ ತನ್ನ ಪಂಚಾಯಿತಿಯಲ್ಲಿ ರಾತ್ರಿ ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂಬುದನ್ನು ನೋಡುತ್ತಾನೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಗೂಡು ಮಾರುಕಟ್ಟೆಗೆ ಹೊರಟ ರೇಷ್ಮೆ ಬೆಳೆಗಾರನಿಗೆ ಅಂದಿನ ಧಾರಣೆ ಬೇಕು. ಮೂವರ ಕೈಯಲ್ಲಿರುವ ಪರದೆಯೂ ‘ತಾಜಾ ಮಾಹಿತಿ’ ಎಂದೇ ಹೇಳಿಕೊಳ್ಳುತ್ತದೆ. ಆದರೆ ಈ ಮೂರು ಮಾಹಿತಿಗಳು ಬದಲಾಗುವ ವೇಗ ಒಂದೇ ಅಲ್ಲ, ಅವು ಹರಿಯುವ ದಿಕ್ಕೂ ಒಂದೇ ಅಲ್ಲ.

ಜಾಲತಾಣ ಕಟ್ಟುವವರಲ್ಲಿ ಹಲವರು ಇದನ್ನು ಗಮನಿಸದೆ, ಹೊಸದೆನಿಸಿದ ತಂತ್ರವೊಂದನ್ನು ಆರಿಸಿಕೊಂಡು ಎಲ್ಲ ಕೆಲಸಕ್ಕೂ ಅದನ್ನೇ ಹೂಡುವುದುಂಟು. ಪರಿಣಾಮವಾಗಿ ಹದಿನೈದು ನಿಮಿಷಕ್ಕೊಮ್ಮೆ ಬದಲಾಗುವ ಅಂಕಿಗಾಗಿ ಸಾವಿರಾರು ಸಂಪರ್ಕಗಳು ಸುಮ್ಮನೆ ತೆರೆದುಕೊಂಡಿರುತ್ತವೆ. ಕ್ಷಣಾರ್ಧದಲ್ಲಿ ತಲುಪಬೇಕಾದ ಹರಾಜಿನ ಕೂಗು ಮಾತ್ರ ನಡುದಾರಿಯಲ್ಲಿ ಕಳೆದುಹೋಗುತ್ತದೆ. ದತ್ತಾಂಶ ಎಷ್ಟು ಬೇಗ ಬದಲಾಗುತ್ತದೆ, ಯಾರಿಂದ ಯಾರಿಗೆ ಹರಿಯುತ್ತದೆ, ದಾರಿಯಲ್ಲಿ ಸಂಪರ್ಕ ಕಡಿದರೆ ನಷ್ಟ ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ತಂತ್ರದ ಹೆಸರು ಆಮೇಲಿನ ಮಾತು.

ಕೇಳಿದರಷ್ಟೇ ಉತ್ತರ

ಅಂತರಜಾಲದ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿ ಮೂಲತಃ ಪ್ರಶ್ನೋತ್ತರದ ಪದ್ಧತಿ. ಬ್ರೌಸರ್ ಕೋರಿಕೆ ಸಲ್ಲಿಸುತ್ತದೆ, ಸರ್ವರ್ ಉತ್ತರ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. ಸರ್ವರಿನಲ್ಲಿ ಹೊಸ ಸುದ್ದಿ ಬಂದರೂ ಕೇಳದವರಿಗೆ ಅದು ತಾನಾಗಿ ಹೇಳುವುದಿಲ್ಲ. ಎರಡು ದಶಕಗಳ ಹಿಂದೆ ಕಚೇರಿಯ ಗಣಕಯಂತ್ರದಲ್ಲಿ ಕ್ರಿಕೆಟ್ ಅಂಕಪಟ್ಟಿಯ ಪುಟವನ್ನು ತೆರೆದಿಟ್ಟುಕೊಂಡು ಓವರಿಗೊಮ್ಮೆ ‘ರಿಫ್ರೆಶ್’ ಗುಂಡಿ ಒತ್ತುತ್ತಿದ್ದವರಿಗೆ ಈ ಮಿತಿಯ ಅನುಭವ ಚೆನ್ನಾಗಿಯೇ ಇದೆ.

ಇಡೀ ಪುಟವನ್ನು ಮತ್ತೆ ತರಿಸದೆ ಬೇಕಾದ ತುಣುಕನ್ನಷ್ಟೇ ತರಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಸಂಸ್ಥೆ 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜತೆ ತಂದಿತು. 2004ರಲ್ಲಿ ಬಂದ ಜಿಮೇಲ್ ಅದರ ಶಕ್ತಿಯನ್ನು ತೋರಿಸಿತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ಪದ್ಧತಿಗೆ ‘ಅಜಾಕ್ಸ್’ ಎಂಬ ಹೆಸರಿಟ್ಟರು. ಇಂದಿನ ವಿಧಾನಗಳೆಲ್ಲ ಈ ದಾರಿಯಲ್ಲೇ ಬೆಳೆದು ಬಂದವು.

ಮಳೆಮಾಪಕ ಮತ್ತು ಪೋಲಿಂಗ್

ಬ್ರೌಸರ್ ನಿಗದಿತ ಅವಧಿಗೊಮ್ಮೆ ‘ಹೊಸದೇನಾದರೂ ಇದೆಯೇ?’ ಎಂದು ಸರ್ವರನ್ನು ಕೇಳುವುದಕ್ಕೆ ಪೋಲಿಂಗ್ ಎನ್ನುತ್ತಾರೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಮತ್ತೆ ಮತ್ತೆ ಹೋಗಿ ಬರುವ ಪ್ರಯಾಣಿಕನ ವರಸೆ ಇದು. ತಂತ್ರಜ್ಞರ ವಲಯದಲ್ಲಿ ಇದಕ್ಕೆ ಅಷ್ಟೇನೂ ಮರ್ಯಾದೆ ಇಲ್ಲ. ಆದರೆ ಇದು ಅವಸರದ ತೀರ್ಪು.

ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬರದ ಮೇಲೆ ನಿಗಾ ಇಡಲು 1988ರಲ್ಲಿ ಆರಂಭವಾದ ಈ ಸಂಸ್ಥೆ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅವು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುತ್ತವೆ. ಅಂದರೆ ಒಂದು ಮಾಪಕದಿಂದ ದಿನಕ್ಕೆ ಬರುವುದು 96 ಅಂಕಿ. ಈ ಅಂಕಿಯನ್ನು ತೋರಿಸುವ ಪುಟವೊಂದು 5 ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತದೆ ಎಂದುಕೊಳ್ಳೋಣ. ದಿನಕ್ಕೆ 17,280 ಕೋರಿಕೆಗಳಾಗುತ್ತವೆ. 180 ಕೋರಿಕೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಉತ್ತರ. ಉಳಿದ 179 ವ್ಯರ್ಥ. ಒಂದೇ ಹೊತ್ತಿಗೆ ಸಾವಿರ ಮಂದಿ ಆ ಪುಟ ನೋಡುತ್ತಿದ್ದರೆ ಸೆಕೆಂಡಿಗೆ 200 ಕೋರಿಕೆಗಳ ಹೊರೆ. ಅದೇ ಅವಧಿಯನ್ನು 5 ನಿಮಿಷಕ್ಕೆ ಏರಿಸಿದರೆ ಹೊರೆ ಸೆಕೆಂಡಿಗೆ ಮೂರು-ನಾಲ್ಕಕ್ಕೆ ಇಳಿಯುತ್ತದೆ. ನೋಡುಗನಿಗೆ ಯಾವ ನಷ್ಟವೂ ಇಲ್ಲ, ಏಕೆಂದರೆ ಮಾಪಕವೇ ಅದಕ್ಕಿಂತ ಬೇಗ ಮಾತನಾಡುವುದಿಲ್ಲ.

ಇಂಥ ಕಡೆ ಇನ್ನೂ ಮಿತವ್ಯಯದ ದಾರಿಯಿದೆ. ಹೊಸ ಅಂಕಿ ಬಂದಾಗಲೆಲ್ಲ ಸರ್ವರ್ ಒಂದು ಕಡತವನ್ನು ಬರೆದಿಟ್ಟರೆ ಸಾಕು. ಪ್ರತಿ ಕೋರಿಕೆಗೂ ದತ್ತಸಂಚಯವನ್ನು ತಡಕಬೇಕಿಲ್ಲ. ಆ ಕಡತಕ್ಕೆ ಈ-ಟ್ಯಾಗ್ ಎಂಬ ಗುರುತು ಅಂಟಿಸಿದರೆ ಬ್ರೌಸರ್ ಮುಂದಿನ ಬಾರಿ ಅದೇ ಗುರುತನ್ನು ಹಿಡಿದು ಕೇಳುತ್ತದೆ. ಬದಲಾವಣೆ ಇಲ್ಲವಾದರೆ ಸರ್ವರ್ ‘304’ ಎಂಬ ಚುಟುಕು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಮರೆಯಬಾರದ ಇನ್ನೊಂದು ಅಂಶವೆಂದರೆ, ಎಲ್ಲ ಬ್ರೌಸರುಗಳೂ ಗಂಟೆ ಹೊಡೆದಂತೆ 10.00ಕ್ಕೆ, 10.15ಕ್ಕೆ ಒಟ್ಟಿಗೆ ಮುಗಿಬೀಳದಂತೆ ಅವಧಿಯಲ್ಲಿ ಕೆಲವು ಸೆಕೆಂಡುಗಳ ಏರುಪೇರು ಇಡಬೇಕು. ಜೋರು ಮಳೆಯ ರಾತ್ರಿ ಜಾಲತಾಣಗಳು ಕುಸಿಯುವುದಕ್ಕೆ ನೋಡುಗರ ಸಂಖ್ಯೆಯಷ್ಟೇ ಅವರೆಲ್ಲ ಒಂದೇ ಕ್ಷಣಕ್ಕೆ ಬರುವುದೂ ಕಾರಣ.

ಪೋಲಿಂಗ್‌ನ ಇನ್ನೊಂದು ರೂಪ ಲಾಂಗ್ ಪೋಲಿಂಗ್. ಇಲ್ಲಿ ಸರ್ವರ್ ‘ಏನೂ ಇಲ್ಲ’ ಎಂದು ತಕ್ಷಣ ಹೇಳದೆ, ಹೊಸದು ಬರುವ ತನಕ ಕೋರಿಕೆಯನ್ನು ತಡೆದಿಟ್ಟುಕೊಳ್ಳುತ್ತದೆ. ಉತ್ತರ ಸಿಕ್ಕ ಕೂಡಲೇ ಬ್ರೌಸರ್ ಮತ್ತೊಂದು ಕೋರಿಕೆ ಸಲ್ಲಿಸಿ ಕಾಯುತ್ತದೆ. ಹೀಗೆ ಸಂಪರ್ಕವನ್ನು ಹಿಡಿದಿಡುವ ತಂತ್ರಗಳಿಗೆ ಅಲೆಕ್ಸ್ ರಸೆಲ್ 2006ರಲ್ಲಿ ‘ಕಾಮೆಟ್’ ಎಂದು ಹೆಸರು ಕೊಟ್ಟಿದ್ದರು. ಉತ್ತಮ ದಾರಿಗಳು ತೆರೆದ ಮೇಲೆ ಇದು ಬಹುಮಟ್ಟಿಗೆ ಬದಲಿ ವ್ಯವಸ್ಥೆಯಾಗಿ ಉಳಿದಿದೆ.

ವಿಮಾನದ ಫಲಕ ಮತ್ತು ಏಕಮುಖ ಹರಿವು

2008ರ ಮೇ 24ರಂದು ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಆರಂಭವಾಯಿತು. 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆಗೊಂಡಿತು. ಆಗಮನ ಫಲಕದ ಮಾಹಿತಿ ಮಳೆಯ ಅಂಕಿಯಂತೆ ಗಡಿಯಾರ ನೋಡಿಕೊಂಡು ಬದಲಾಗುವುದಿಲ್ಲ. ಅರ್ಧ ಗಂಟೆ ಏನೂ ಆಗದಿರಬಹುದು. ಮಂಜು ಕವಿದ ಜನವರಿಯ ಮುಂಜಾನೆ ಐದೇ ನಿಮಿಷದಲ್ಲಿ ಹತ್ತು ವಿಮಾನಗಳ ವೇಳೆ ತಿರುಗಬಹುದು. ಬದಲಾವಣೆ ಯಾವಾಗ ಆಗುತ್ತದೆಂದು ಮೊದಲೇ ತಿಳಿಯದು, ಆದಾಗ ತಕ್ಷಣ ತಿಳಿಸಬೇಕು, ನೋಡುಗನಿಂದ ಸರ್ವರಿಗೆ ಮರಳಿ ಹೇಳಬೇಕಾದದ್ದೇನೂ ಇಲ್ಲ. ಇಂಥ ಫಲಕ ಕಟ್ಟುವವರಿಗೆ ಹೇಳಿ ಮಾಡಿಸಿದ ವಿಧಾನ ‘ಸರ್ವರ್-ಸೆಂಟ್ ಈವೆಂಟ್ಸ್’, ಸಂಕ್ಷೇಪದಲ್ಲಿ ಎಸ್‌ಎಸ್‌ಇ.

ಬ್ರೌಸರ್ ಒಮ್ಮೆ ಕೇಳುತ್ತದೆ. ಸರ್ವರ್ ಉತ್ತರವನ್ನು ಆರಂಭಿಸಿ ಮುಗಿಸದೆಯೇ ಇಟ್ಟುಕೊಂಡು, ಸುದ್ದಿ ಬಂದಂತೆಲ್ಲ ಒಂದೊಂದು ಸಾಲು ಸೇರಿಸುತ್ತ ಹೋಗುತ್ತದೆ. ಒಪೆರಾ ಬ್ರೌಸರ್ 2006ರಲ್ಲೇ ಇದನ್ನು ಪ್ರಯೋಗಿಸಿತ್ತು. ಡಬ್ಲ್ಯೂ3ಸಿ ಸಂಸ್ಥೆ 2015ರಲ್ಲಿ ಇದಕ್ಕೆ ಅಧಿಕೃತ ಮನ್ನಣೆ ನೀಡಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೊನೆಯವರೆಗೂ ಇದನ್ನು ಒಪ್ಪಿಕೊಳ್ಳಲಿಲ್ಲವಾದ್ದರಿಂದ ಇದು ಬಹುಕಾಲ ಮೂಲೆಗುಂಪಾಗಿತ್ತು. 2020ರಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್ ಕ್ರೋಮಿಯಂ ತಳಹದಿಗೆ ಬಂದ ಮೇಲೆ ಆ ಅಡ್ಡಿ ನಿವಾರಣೆಯಾಯಿತು. ಕೃತಕ ಬುದ್ಧಿಮತ್ತೆಯ ಸಂವಾದ ಸೇವೆಗಳು ಉತ್ತರವನ್ನು ಪದಪದವಾಗಿ ಪರದೆಗೆ ಇಳಿಸುವುದಕ್ಕೆ ಈ ವಿಧಾನವನ್ನು ಬಳಸತೊಡಗಿದ ಬಳಿಕ ಇದರ ಹೆಸರು ಮತ್ತೆ ಎಲ್ಲೆಡೆ ಕೇಳಿಬರುತ್ತಿದೆ.

ಇದರ ನಿಜವಾದ ಗುಣ ಇರುವುದು ಸಂಪರ್ಕ ಕಡಿದಾಗ. ಬ್ರೌಸರ್ ತಾನಾಗಿಯೇ ಕೆಲವು ಸೆಕೆಂಡು ಕಾದು ಮತ್ತೆ ಸರ್ವರಿಗೆ ಕೂಡಿಕೊಳ್ಳುತ್ತದೆ. ಸರ್ವರ್ ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ ಕೊಟ್ಟಿದ್ದರೆ, ಮರಳಿ ಬಂದ ಬ್ರೌಸರ್ ‘ನನಗೆ ಇಲ್ಲಿಯವರೆಗೆ ತಲುಪಿದೆ’ ಎಂದು ಕೊನೆಯ ಸಂಖ್ಯೆಯನ್ನು ಹೇಳುತ್ತದೆ. ನಡುವೆ ತಪ್ಪಿಹೋದದ್ದನ್ನಷ್ಟೇ ಕಳುಹಿಸಿದರಾಯಿತು. ಪ್ರತ್ಯೇಕ ಸಂಕೇತ ಬರೆಯದೆ ದೊರೆಯುವ ಈ ಸೌಲಭ್ಯ ವೆಬ್‌ಸಾಕೆಟ್‌ನಲ್ಲಿ ಇಲ್ಲ.

ದೋಷಗಳೂ ಇವೆ. ಹಳೆಯ ಎಚ್‌ಟಿಟಿಪಿ 1.1ರಲ್ಲಿ ಒಂದು ಜಾಲತಾಣಕ್ಕೆ ಬ್ರೌಸರ್ ಏಕಕಾಲಕ್ಕೆ ಆರೇ ಸಂಪರ್ಕಗಳನ್ನು ತೆರೆಯುತ್ತದೆ. ಓದುಗನೊಬ್ಬ ಅದೇ ತಾಣದ ಏಳು ಟ್ಯಾಬ್‌ಗಳನ್ನು ತೆರೆದರೆ ಏಳನೆಯದು ನಿಂತುಬಿಡುತ್ತದೆ, ಕಾರಣವೇನೆಂದು ಯಾರಿಗೂ ಹೊಳೆಯುವುದಿಲ್ಲ. ಒಂದೇ ಸಂಪರ್ಕದಲ್ಲಿ ಹಲವು ಹರಿವುಗಳನ್ನು ಸಾಗಿಸುವ ಎಚ್‌ಟಿಟಿಪಿ 2 ನಿಯಮಾವಳಿ 2015ರಲ್ಲಿ ಪ್ರಕಟವಾಗಿದ್ದು, ಅದನ್ನು ಬಳಸಿದರೆ ಈ ತೊಂದರೆ ಇಲ್ಲ. ಬ್ರೌಸರಿನ ಸಿದ್ಧ ಸೌಲಭ್ಯದಲ್ಲಿ ಕೋರಿಕೆಯ ಜತೆ ಸ್ವಂತ ಹೆಡರ್‌ಗಳನ್ನು ಸೇರಿಸಲು ಅವಕಾಶವಿಲ್ಲವಾದ್ದರಿಂದ ಲಾಗಿನ್ ಗುರುತನ್ನು ಕುಕಿಯಲ್ಲೇ ಕಳುಹಿಸಬೇಕು. ನಡುವೆ ನಿಂತ ಎನ್‌ಜಿನ್‌ಎಕ್ಸ್‌ನಂಥ ಪ್ರಾಕ್ಸಿ ಸರ್ವರ್ ಸಾಲುಗಳನ್ನು ಕೂಡಿಟ್ಟು ಒಟ್ಟಿಗೆ ಕಳುಹಿಸುವ ಅಭ್ಯಾಸವನ್ನೂ ನಿಲ್ಲಿಸಬೇಕು. ಈ ಕೊನೆಯ ಅಂಶ ಮರೆತು, ವಿಧಾನವೇ ಕೆಲಸ ಮಾಡುವುದಿಲ್ಲವೆಂದು ದೂರಿದವರ ಸಂಖ್ಯೆ ಸಣ್ಣದಲ್ಲ.

ವಿಮಾನದ ವಿಷಯದಲ್ಲೇ ಇನ್ನೊಂದು ಎಚ್ಚರಿಕೆ ಅಗತ್ಯ. ಹಾರುತ್ತಿರುವ ವಿಮಾನಗಳು ಎಡಿಎಸ್-ಬಿ ಎಂಬ ರೇಡಿಯೋ ಸಂಕೇತದ ಮೂಲಕ ತಮ್ಮ ಸ್ಥಾನವನ್ನು ಸೆಕೆಂಡಿಗೆ ಸುಮಾರು ಎರಡು ಬಾರಿ ಸಾರುತ್ತವೆ. ನಕಾಶೆಯ ಮೇಲೆ ವಿಮಾನ ತೋರಿಸುವ ಜಾಲತಾಣ ಅದನ್ನೆಲ್ಲ ಹಾಗೆಯೇ ಬ್ರೌಸರಿಗೆ ಸುರಿದರೆ ಮೊಬೈಲಿನ ಬ್ಯಾಟರಿ ಬರಿದಾಗುತ್ತದೆಯೇ ಹೊರತು ನೋಡುಗನ ಅರಿವೇನೂ ಹೆಚ್ಚುವುದಿಲ್ಲ. ಮೂಲ ಎಷ್ಟು ವೇಗವಾಗಿದ್ದರೂ ಸರ್ವರಿನಲ್ಲೇ ಅದನ್ನು ಸೋಸಿ, ಕೆಲವು ಸೆಕೆಂಡಿಗೊಂದು ಸ್ಥಾನ ಕಳುಹಿಸಿ, ನಡುವಿನ ಚಲನೆಯನ್ನು ಬ್ರೌಸರ್ ತಾನೇ ಊಹಿಸಿ ಬಿಡಿಸುವಂತೆ ಮಾಡುವುದು ಉಚಿತ. ನೆಲಮಂಗಲದ ಗೋದಾಮುಗಳಿಗೆ ಬರುವ ಲಾರಿಗಳ ಸ್ಥಾನ ತೋರಿಸುವ ಪರದೆಗಳಿಗೂ ಇದೇ ಮಾತು ಸಲ್ಲುತ್ತದೆ.

ಗೂಡಿನ ಹರಾಜು ಮತ್ತು ವೆಬ್‌ಸಾಕೆಟ್

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಹೆಸರುವಾಸಿ. ಅಂಥ ಜಾತ್ರೆಯಲ್ಲಿ ಮೈಕಿನಲ್ಲಿ ಕೂಗಿ ಹೇಳುವ ಪ್ರಕಟಣೆ ಎಲ್ಲರಿಗೂ ಕೇಳಿಸುತ್ತದೆ, ಯಾರೂ ಮರುನುಡಿಯುವುದಿಲ್ಲ. ಅದರ ಪಕ್ಕದಲ್ಲೇ ಟವೆಲ್ ಮರೆಯಲ್ಲಿ ಬೆರಳು ಹಿಡಿದು ನಡೆಯುವ ವ್ಯಾಪಾರದಲ್ಲಿ ಒಬ್ಬನ ಬೆರಳಿಗೆ ಇನ್ನೊಬ್ಬನ ಬೆರಳು ಆ ಕ್ಷಣವೇ ಉತ್ತರಿಸಬೇಕು. ಎಸ್‌ಎಸ್‌ಇ ಮೈಕಿನ ಬಗೆಯದು, ವೆಬ್‌ಸಾಕೆಟ್ ಟವೆಲ್ ಮರೆಯ ಬಗೆಯದು.

ವೆಬ್‌ಸಾಕೆಟ್ ನಿಯಮಾವಳಿ 2011ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 6455 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಯಾಗಿ ಆರಂಭವಾಗಿ, ಸರ್ವರ್ ‘101’ ಎಂದು ಒಪ್ಪಿದ ಮೇಲೆ ಅದೇ ಸಂಪರ್ಕ ದ್ವಿಮುಖ ಮಾರ್ಗವಾಗಿ ಬದಲಾಗುತ್ತದೆ. ಆಮೇಲೆ ಯಾರು ಯಾವಾಗ ಬೇಕಾದರೂ ಮಾತನಾಡಬಹುದು. ಸಣ್ಣ ಸಂದೇಶಕ್ಕೆ ಸರ್ವರ್ ಕಡೆಯಿಂದ 2 ಬೈಟ್, ಬ್ರೌಸರ್ ಕಡೆಯಿಂದ 6 ಬೈಟ್ ಮಾತ್ರ ಹೆಚ್ಚುವರಿ ಹೊರೆ. ಪೋಲಿಂಗ್‌ನಲ್ಲಾದರೆ ಪ್ರತಿ ಬಾರಿಯೂ ಹೆಡರ್‌ಗಳಿಗೇ ನೂರಾರು ಬೈಟ್ ಖರ್ಚಾಗುತ್ತದೆ.

ರಾಮನಗರ, ಶಿಡ್ಲಘಟ್ಟದಂಥ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಬಾಯಿಕೂಗಿನ ಹರಾಜಿನ ಬದಲು ಇ-ಹರಾಜು ಬಂದು ವರ್ಷಗಳೇ ಕಳೆದಿವೆ. ಅಂಥ ಹರಾಜಿಗೆ ತಂತ್ರಾಂಶ ಕಟ್ಟುವಾಗ ವಿಳಂಬದ ಬೆಲೆ ಯಾರ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. ಗೂಡು ಕಾಯುವ ಸರಕಲ್ಲ. ಹುಳು ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಗಳಲ್ಲಿ ಪತಂಗ ಅದನ್ನು ಒಡೆದು ಹೊರಬರುತ್ತದೆ; ಒಡೆದ ಗೂಡಿನಿಂದ ನೂಲು ಬಿಚ್ಚಲಾಗದು. ತೂಕವೂ ದಿನದಿಂದ ದಿನಕ್ಕೆ ಇಳಿಯುತ್ತದೆ. ಮಾರುಕಟ್ಟೆಗೆ ತಂದ ರೈತ ಅಂದೇ ಮಾರಬೇಕು. ರೀಲರೊಬ್ಬ ಕೊನೆಯ ಗಳಿಗೆಯಲ್ಲಿ ಕಿಲೋಗೆ 10 ರೂಪಾಯಿ ಹೆಚ್ಚು ಕೂಗಿದ್ದು ಸರ್ವರಿಗೆ ತಲುಪದೆ ಹೋದರೆ 50 ಕಿಲೋ ಲಾಟಿಗೆ ರೈತ ಕಳೆದುಕೊಳ್ಳುವುದು 500 ರೂಪಾಯಿ. ಕಳೆದುಕೊಂಡದ್ದು ಅವನಿಗೆ ಗೊತ್ತೂ ಆಗುವುದಿಲ್ಲ.

ವೆಬ್‌ಸಾಕೆಟ್ ವೇಗವನ್ನು ಕೊಡುತ್ತದೆ, ಖಾತರಿಯನ್ನು ಕೊಡುವುದಿಲ್ಲ. ಸಂದೇಶ ಕಳುಹಿಸಿದ ಕ್ಷಣವೇ ಸಂಪರ್ಕ ಕಡಿದರೆ ಅದು ಸರ್ವರ್ ಸೇರಿತೇ ಇಲ್ಲವೇ ಎಂಬುದು ಕಳುಹಿಸಿದವನಿಗೆ ತಿಳಿಯದು. ಆದ್ದರಿಂದ ಪ್ರತಿ ಕೂಗಿಗೂ ಒಂದು ಗುರುತಿನ ಸಂಖ್ಯೆ ಇರಬೇಕು. ಸರ್ವರ್ ‘ಸ್ವೀಕರಿಸಲಾಗಿದೆ’ ಎಂದು ಮರಳಿ ಹೇಳುವವರೆಗೆ ಅದು ಕೂಗಲ್ಲವೆಂದೇ ಪರದೆ ತೋರಿಸಬೇಕು. ಉತ್ತರ ಬಾರದೆ ಎರಡನೇ ಬಾರಿ ಕಳುಹಿಸಿದರೆ ಅದೇ ಗುರುತನ್ನು ಕಂಡ ಸರ್ವರ್ ಎರಡು ಕೂಗೆಂದು ಲೆಕ್ಕ ಹಿಡಿಯಬಾರದು. ಹರಾಜು ಮುಗಿಯುವ ವೇಳೆಗೆ ಸರ್ವರಿನ ಗಡಿಯಾರವೇ ಪ್ರಮಾಣ. ಮೊಬೈಲಿನ ಗಡಿಯಾರವನ್ನು ನಂಬುವಂತಿಲ್ಲ. ಬೇರೆ ತಾಣದ ಪುಟವೊಂದು ಬಳಕೆದಾರನ ಕುಕಿ ಹಿಡಿದು ನುಸುಳದಂತೆ, ಸಂಪರ್ಕ ಕೋರಿದ ಪುಟ ಯಾವ ತಾಣದ್ದೆಂಬುದನ್ನು ಆರಂಭದಲ್ಲೇ ಪರೀಕ್ಷಿಸಬೇಕು. ಎಚ್‌ಟಿಟಿಪಿ ಕೋರಿಕೆಗಳಿಗೆ ಬ್ರೌಸರ್ ಒದಗಿಸುವ ಕಾವಲು ವೆಬ್‌ಸಾಕೆಟ್‌ಗೆ ತಾನಾಗಿ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ಕಟ್ಟಬೇಕಾದರೆ ಹರಾಜಿಗೂ ವೆಬ್‌ಸಾಕೆಟ್ ಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಲಾಟೊಂದಕ್ಕೆ ನಿಮಿಷದಲ್ಲಿ ಬೆರಳೆಣಿಕೆಯ ಕೂಗುಗಳಷ್ಟೇ ಬರುವಲ್ಲಿ ಬೇಡವೆಂದೇ ಹೇಳಬಹುದು. ಕೂಗನ್ನು ಸಾಮಾನ್ಯ ‘ಪೋಸ್ಟ್’ ಕೋರಿಕೆಯಾಗಿ ಕಳುಹಿಸಿದರೆ ಅದಕ್ಕೊಂದು ಖಚಿತ ಉತ್ತರ ಬರುತ್ತದೆ; ಅದೇ ರಸೀದಿ. ಏರುತ್ತಿರುವ ಬೆಲೆಯನ್ನು ಎಲ್ಲರಿಗೂ ಎಸ್‌ಎಸ್‌ಇ ಮೂಲಕ ಬಿತ್ತರಿಸಿದರಾಯಿತು. ಹಲವರು ಒಂದೇ ದಾಖಲೆಯನ್ನು ಏಕಕಾಲಕ್ಕೆ ತಿದ್ದುವುದು, ಜಾಲದಲ್ಲಿ ಆಡುವ ಚದುರಂಗ, ಮಾತುಕತೆಯ ತಂತ್ರಾಂಶ ಮುಂತಾದ ಎರಡೂ ಕಡೆಯಿಂದ ಎಡೆಬಿಡದೆ ಸಂದೇಶ ಹರಿಯುವ ಕೆಲಸಗಳೇ ವೆಬ್‌ಸಾಕೆಟ್‌ನ ನಿಜವಾದ ನೆಲೆ. ಧ್ವನಿ, ದೃಶ್ಯ ಸಂಭಾಷಣೆಗೆ ವೆಬ್‌ಆರ್‌ಟಿಸಿ ಎಂಬ ಬೇರೆಯೇ ವ್ಯವಸ್ಥೆಯಿದೆ. ಅದಕ್ಕೆ 2021ರಲ್ಲಿ ಮನ್ನಣೆ ದೊರೆತಿದೆ.

ತೆರೆದಿಟ್ಟ ಬಾಗಿಲಿನ ಖರ್ಚು

ಎಸ್‌ಎಸ್‌ಇ ಆಗಲಿ ವೆಬ್‌ಸಾಕೆಟ್ ಆಗಲಿ, ನೋಡುಗನೊಬ್ಬನಿಗೆ ಒಂದು ಸಂಪರ್ಕ ಸದಾ ತೆರೆದಿರಬೇಕು. ಲಿನಕ್ಸ್ ಸರ್ವರಿನಲ್ಲಿ ಒಂದು ಪ್ರಕ್ರಿಯೆ ಏಕಕಾಲಕ್ಕೆ ತೆರೆದಿಡಬಹುದಾದ ಕಡತ, ಸಂಪರ್ಕಗಳ ಮಿತಿ ಬಹಳ ಕಡೆ 1024 ಎಂದೇ ಇರುತ್ತದೆ. ಅದನ್ನು ಏರಿಸದೆ ಸೇವೆ ಆರಂಭಿಸಿದರೆ ಸಾವಿರ ಚಿಲ್ಲರೆ ನೋಡುಗರು ಬಂದ ಕೂಡಲೇ ಉಳಿದವರಿಗೆ ಬಾಗಿಲು ಮುಚ್ಚುತ್ತದೆ. ಸಂಪರ್ಕಕ್ಕೊಂದು ಪ್ರಕ್ರಿಯೆ ಮೀಸಲಿಡುವ ಹಳೆಯ ಮಾದರಿಯ ಸರ್ವರುಗಳಿಗೆ ಈ ಕೆಲಸ ಹೊಂದುವುದಿಲ್ಲ. ಎನ್‌ಜಿನ್‌ಎಕ್ಸ್, ನೋಡ್ ಜೆಎಸ್‌ನಂಥವು ಜನಪ್ರಿಯವಾಗಲು ಇದೂ ಒಂದು ಕಾರಣ.

ಮಾತಿಲ್ಲದ ಸಂಪರ್ಕವನ್ನು ನಡುವಿನವರು ಕಡಿದುಹಾಕುವುದೂ ಉಂಟು. ಎನ್‌ಜಿನ್‌ಎಕ್ಸ್ ಪ್ರಾಕ್ಸಿ ಮೊದಲೇ ನಿಗದಿಯಾದಂತೆ 60 ಸೆಕೆಂಡು ಕಾಯುತ್ತದೆ, ಅಷ್ಟರಲ್ಲಿ ಏನೂ ಬಾರದಿದ್ದರೆ ಬಾಗಿಲು ಹಾಕುತ್ತದೆ. 15ರಿಂದ 30 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂಬ ಸಣ್ಣ ಸಂಕೇತ ಕಳುಹಿಸುವುದು ವಾಡಿಕೆ. ಇನ್ನು ದೊಡ್ಡಬಳ್ಳಾಪುರದಿಂದ ಹೊರಟ ರೈಲು ಮಾಕಳಿದುರ್ಗದ ಬೆಟ್ಟಸಾಲು ಹಾಯುವಾಗ ಅಥವಾ ಮೊಬೈಲ್ ಮನೆಯ ವೈ-ಫೈ ಬಿಟ್ಟು ಗೋಪುರದ ಸಂಪರ್ಕಕ್ಕೆ ಬರುವಾಗ ಹಳೆಯ ಸಂಪರ್ಕ ಸತ್ತಿರುತ್ತದೆ, ಆದರೆ ಎರಡೂ ಕಡೆಯವರಿಗೆ ಅದು ತಕ್ಷಣ ತಿಳಿಯುವುದಿಲ್ಲ. 2022ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 3ರ ತಳಹದಿಯಾದ ಕ್ವಿಕ್ ನಿಯಮಾವಳಿಯಲ್ಲಿ ಜಾಲ ಬದಲಾದರೂ ಸಂಪರ್ಕ ಉಳಿಸಿಕೊಳ್ಳುವ ಏರ್ಪಾಡು ಇದೆ. ಅದನ್ನೇ ನೆಚ್ಚಿ ಕೂರುವಂತಿಲ್ಲ. ಪರದೆ ಆರಿದ ಮೊಬೈಲಿನಲ್ಲಿ ಬ್ರೌಸರ್ ನಿದ್ರೆಗೆ ಜಾರುತ್ತದೆ. ಬಳಕೆದಾರ ಮತ್ತೆ ಪುಟಕ್ಕೆ ಬಂದಾಗ ಮೊದಲು ಪೂರ್ಣ ಸ್ಥಿತಿಯನ್ನು ಒಮ್ಮೆ ತರಿಸಿ, ನಂತರವೇ ಬದಲಾವಣೆಗಳ ಹರಿವಿಗೆ ಕೂಡಿಕೊಳ್ಳಬೇಕು.

ಕನ್ನಡ ಅಕ್ಷರದ ಲೆಕ್ಕ

ಇಂಗ್ಲಿಷ್ ಪುಟ ಕಟ್ಟುವವರಿಗೆ ಎದುರಾಗದ ತೊಡಕೊಂದು ಕನ್ನಡ ತಾಣಗಳಿಗಿದೆ. ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು; ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ದೊಡ್ಡಬಳ್ಳಾಪುರ’ ಎಂಬ ಪದ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಸೇರಿ 13 ಚಿಹ್ನೆಗಳಿಂದ ಆದದ್ದು, ಅಂದರೆ 39 ಬೈಟ್. ಪಿಎಚ್‌ಪಿ, ಪೈಥಾನ್ ಭಾಷೆಗಳು ಜೆಸಾನ್ ರೂಪಕ್ಕೆ ತರುವಾಗ ಬೇರೆ ಸೂಚನೆ ಕೊಡದಿದ್ದರೆ ಪ್ರತಿ ಚಿಹ್ನೆಯನ್ನೂ ಆರು ಅಕ್ಷರಗಳ ಸಂಕೇತವಾಗಿ ಬರೆಯುತ್ತವೆ. ಆಗ ಅದೇ ಪದ 78 ಬೈಟ್ ತೂಗುತ್ತದೆ.

ಎಸ್‌ಎಸ್‌ಇ, ವೆಬ್‌ಸಾಕೆಟ್‌ಗಳಲ್ಲಿ ಸಂದೇಶ ಇಡಿಯಾಗಿ ಕೈಸೇರುವುದರಿಂದ ಅಕ್ಷರ ಒಡೆಯುವ ಭಯವಿಲ್ಲ. ಆದರೆ ‘ಫೆಚ್’ ಸೌಲಭ್ಯದ ಮೂಲಕ ಉತ್ತರವನ್ನು ತುಂಡುತುಂಡಾಗಿ ಓದುವ ವಿಧಾನದಲ್ಲಿ ತುಂಡು ಎಲ್ಲಿ ಬೇಕಾದರೂ ಮುರಿಯಬಹುದು. ಮೂರು ಬೈಟ್‌ಗಳ ನಡುವೆ ಮುರಿದರೆ ಪರದೆಯಲ್ಲಿ ಅಕ್ಷರದ ಬದಲು ಪ್ರಶ್ನಾರ್ಥಕ ಹೊತ್ತ ಕಪ್ಪು ವಜ್ರದಾಕೃತಿ ಕಾಣಿಸುತ್ತದೆ. ಬ್ರೌಸರಿನ ‘ಟೆಕ್ಸ್ಟ್‌ಡಿಕೋಡರ್’ಗೆ ಮುಂದಿನ ತುಂಡು ಬರಲಿದೆಯೆಂದು ಹೇಳಿದರೆ ಅದು ಉಳಿಕೆ ಬೈಟ್‌ಗಳನ್ನು ಕಾಯ್ದಿರಿಸಿಕೊಂಡು ಕೂಡಿಸುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಬೈಟ್‌ಗಳು ಸರಿಯಿದ್ದಾಗಲೂ ‘ಕ್ಷ’ ಎಂಬುದು ಮೊದಲು ‘ಕ್’ ಆಗಿ ಮೂಡಿ ಮರುಕ್ಷಣ ರೂಪ ಬದಲಿಸುವುದು ಕಣ್ಣಿಗೆ ಕಿರಿಕಿರಿ. ಅಕ್ಷರಕ್ಕಿಂತ ಪದವನ್ನೇ ಘಟಕವಾಗಿ ತೋರಿಸುವುದು ಲೇಸು.

ಯಾವ ವಿಧಾನವನ್ನು ಆರಿಸಿದರೂ ಪುಟದ ಮೇಲೆ ‘ಕೊನೆಯ ಮಾಹಿತಿ ಬಂದ ವೇಳೆ’ಯನ್ನು ಕಾಣುವಂತೆ ಬರೆಯುವುದು ಅಗತ್ಯ. ಸಂಪರ್ಕ ಕಡಿದ ಪುಟ ಹಳೆಯ ಅಂಕಿಯನ್ನೇ ಹಿಡಿದು ತಾಜಾ ಎಂಬಂತೆ ನಿಂತಿರುತ್ತದೆ. 10.45ಕ್ಕೆ ನಿಂತುಹೋದ ಫಲಕವನ್ನು 11.30ಕ್ಕೆ ನೋಡಿ ಹೊಸಕೋಟೆಯಿಂದ ಹೊರಟವರಿಗೆ, ಆ ವೇಳೆ ಪುಟದಲ್ಲಿ ಬರೆದಿದ್ದರೆ ನಿಲ್ದಾಣಕ್ಕೊಂದು ದೂರವಾಣಿ ಕರೆ ಮಾಡಬೇಕೆಂದಾದರೂ ತೋಚುತ್ತದೆ.